ಕಬ್ಬಿಣದ ಕವಾಟ, ಒಂಬತ್ತು ಕಾಯಿ

ಮುಂಬೈಯ ಡಾಕ್ಟರು ಮೇಜಿನ ಮೇಲೆ ಎರಡು ವಸ್ತುಗಳನ್ನು ಇಟ್ಟರು. ಒಂದು, ನಾಲ್ಕು ಲೋಹದ ಕಡ್ಡಿ ಬಾಗಿಸಿ ಮಾಡಿದ ಪುಟ್ಟ ಪಂಜರ, ಒಳಗೊಂದು ಗೋಲಿ. ಅಲುಗಾಡಿಸಿದರೆ ಟಕ್ ಎನ್ನುತ್ತಿತ್ತು. ಇನ್ನೊಂದು ಗಾಜಿನ ಶೀಶೆಯೊಳಗೆ ಔಷಧಿ ನೀರಿನಲ್ಲಿ ಮುಳುಗಿತ್ತು: ಬೇಯಿಸಿದ ತೊಗಲಿನ ಬಣ್ಣದ ಮೂರು ಎಸಳು, ಸುತ್ತ ಬಟ್ಟೆಯ ಬಳೆ. ಎರಡರಲ್ಲಿ ಒಂದು ಬೀರಣ್ಣನ ಎದೆಯೊಳಗೆ ಹೋಗಬೇಕಿತ್ತು. ಯಾವುದೆಂದು ಹೇಳಲು ಅವನಿಗೆ ಎರಡು ದಿನ ಕೊಟ್ಟರು.

ಡಾಕ್ಟರು ಮರಾಠಿಯಲ್ಲಿ ಮಾತಾಡಿದರು. ಬೀರಣ್ಣ ಖಾನಾಪುರದವನು, ಮೇಲಾಗಿ ಬೆಳಗಾವಿ–ಖಾನಾಪುರ ಬಸ್ಸಿನ ಕಂಡಕ್ಟರು. ಅರ್ಧ ಬಸ್ಸಿಗೆ ಮರಾಠಿಯಲ್ಲಿ, ಅರ್ಧ ಬಸ್ಸಿಗೆ ಕನ್ನಡದಲ್ಲಿ ಟಿಕೆಟು ಕೊಟ್ಟು ಪಳಗಿದ ನಾಲಿಗೆ. ಪಕ್ಕದಲ್ಲಿ ಸೆರಗು ಹೊದ್ದು ನಿಂತಿದ್ದ ಹೆಂಡತಿ ಸಾತವ್ವ ಬೈಲಹೊಂಗಲದ ಕಡೆಯವಳು. ಮದುವೆಯಾಗಿ ಐದು ವರ್ಷವಾಗಿದ್ದರೂ ಅವಳ ಮರಾಠಿ ಬಂದವರಿಗೆ ಕೂರಲು ಹೇಳಿ ನೀರು ಕೊಡುವಷ್ಟಕ್ಕೇ ನಿಂತಿತ್ತು. ಡಾಕ್ಟರ ಬಾಯಿ ನೋಡುವುದು, ಗಂಡನ ಮುಖ ನೋಡುವುದು, ಇಷ್ಟೇ ಅವಳಿಂದ ಆಗುತ್ತಿದ್ದದ್ದು.

"ಶೀಶೆಯಲ್ಲಿರುವುದು ಹಂದಿಯ ಹೃದಯದ ಕವಾಟ," ಎಂದರು ಡಾಕ್ಟರು. "ಸದ್ದಿಲ್ಲ. ಮೂರು ತಿಂಗಳಾದ ಮೇಲೆ ರಕ್ತ ತೆಳು ಮಾಡುವ ಗುಳಿಗೆಯೂ ಬೇಡ. ಆದರೆ ನಿನಗೆ ಮೂವತ್ತೊಂದು ವಯಸ್ಸು. ಎಂಟು ಹತ್ತು ವರ್ಷಕ್ಕೆ ಇದು ಸವೆಯುತ್ತದೆ, ಮತ್ತೆ ಎದೆ ಸೀಳಬೇಕು. ಎರಡನೇ ಸಲ ಮೇಜು ಹತ್ತಿದವರೆಲ್ಲ ಇಳಿಯುವುದಿಲ್ಲ. ಈ ಲೋಹದ್ದು ನೀನು ಸತ್ತ ಮೇಲೂ ಇರುತ್ತದೆ. ಆದರೆ ರಕ್ತ ಲೋಹದ ಮೇಲೆ ಹೆಪ್ಪುಗಟ್ಟುತ್ತದೆ. ಹಾಗಾಗದಂತೆ ಬದುಕಿರುವ ತನಕ ದಿನವೂ ಗುಳಿಗೆ ನುಂಗಬೇಕು. ಗುಳಿಗೆ ನುಂಗುವವನಿಗೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಜಗಳ ಬೇಡ, ಕಬಡ್ಡಿ ಬೇಡ. ಎಲ್ಲಕ್ಕಿಂತ ಮುಖ್ಯ, ತಲೆಗೆ ಪೆಟ್ಟು ಬೀಳಬಾರದು." ಅವರು ತಮ್ಮ ನೆತ್ತಿಯನ್ನು ಎರಡು ಸಲ ತಟ್ಟಿ ತೋರಿಸಿದರು. "ಬುರುಡೆಯೊಳಗೆ ರಕ್ತ ಸುರಿದರೆ ಹೊರಗೆ ಒಂದು ಹನಿ ಕಾಣುವುದಿಲ್ಲ. ಮನುಷ್ಯ ಮಾತಾಡುತ್ತಲೇ ಹೋಗಿಬಿಡುತ್ತಾನೆ."

ಬೀರಣ್ಣನ ಕೈ ತಾನಾಗಿಯೇ ತನ್ನ ನೆತ್ತಿಗೆ ಹೋಯಿತು.

ಅದಕ್ಕೆ ಕಾರಣವಿತ್ತು. ಖಾನಾಪುರದ ಕುರುಬರ ಓಣಿಯ ಬೀರದೇವರ ಗುಡಿಯಲ್ಲಿ ವರ್ಷಕ್ಕೊಮ್ಮೆ, ಕಾರ್ತಿಕ ಮುಗಿಸುವ ಛಟ್ಟಿ ಅಮಾವಾಸ್ಯೆಯ ಮರುದಿನ ಒಂದು ನೇಮ ನಡೆಯುತ್ತಿತ್ತು. ಬೀರಣ್ಣನ ಮನೆತನದ ಹಿರಿಮಗ ತಲೆ ಬೋಳಿಸಿಕೊಂಡು ಗುಡಿಯ ಮುಂದಿನ ಕಂಬಳಿ ಗದ್ದುಗೆಯ ಮೇಲೆ ಕೂರಬೇಕು. ಪೂಜಾರಿ ಅವನ ತಲೆಯ ಮೇಲೆ ಐದು ತೆಂಗಿನಕಾಯಿ ಒಡೆಯಬೇಕು. ಮೆಲ್ಲಗೆ ತಾಕಿಸಿ ಒಡೆದಂತೆ ತೋರಿಸುವ ಆಟವಲ್ಲ. ಕಲ್ಲಿಗೆ ಹೊಡೆದಂತೆಯೇ ಹೊಡೆಯುತ್ತಿದ್ದರು. ಬೀರಣ್ಣನ ಅಪ್ಪ ಇಪ್ಪತ್ತೆರಡು ವರ್ಷ ಕೂತಿದ್ದ. ಅಪ್ಪ ತೀರಿಕೊಂಡಾಗ ಬೀರಣ್ಣನಿಗೆ ಇಪ್ಪತ್ತು. ಆದರೆ ಹನ್ನೆರಡನೇ ವಯಸ್ಸಿನಲ್ಲಿ ಬಂದ ಕೀಲುಜ್ವರ ಅವನ ಹೃದಯದ ಕವಾಟವನ್ನು ಕಚ್ಚಿಟ್ಟಿತ್ತು. ಗುಡಿಯ ಆರು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ಚಿಕ್ಕಪ್ಪ ಲಕ್ಷ್ಮಪ್ಪ, "ಹುಡುಗ ಗಟ್ಟಿ ಆಗೂತನಕ ನಾ ಕುಂದರತೀನಿ," ಎಂದ. ಹುಡುಗ ಗಟ್ಟಿಯಾಗಲಿಲ್ಲ. ಓಣಿಯಲ್ಲಿ ಅವನಿಗೆ 'ದಮ್ಮಿನ ಬೀರ್ಯಾ' ಎಂದು ಹೆಸರಾಯಿತು. ಲಕ್ಷ್ಮಪ್ಪ ಹನ್ನೊಂದು ವರ್ಷ ಕೂತ. ಹೋದ ಸಲ ಕಾಯಿ ಹೊಡೆಸಿಕೊಂಡು ಎರಡು ದಿನ ಮೇಲೇಳಲಿಲ್ಲ. ಎದ್ದ ಮೇಲೆ ಹೇಳಿಬಿಟ್ಟಿದ್ದ: ಮುಂದಿನ ಛಟ್ಟಿ ಅಮಾವಾಸ್ಯೆಗೆ ಬೀರಣ್ಣ ಕೂರಬೇಕು, ಆಗದಿದ್ದರೆ ತನ್ನ ಮಗ ಕೂರುತ್ತಾನೆ. ಮಗ ಒಂದು ಸಲ ಕೂತರೆ ಗದ್ದುಗೆ ತಮ್ಮ ಮನೆಗೇ ಉಳಿಯುತ್ತದೆ, ಅದು ಬಸ್ಸಿನ ಸೀಟಲ್ಲ, ಎದ್ದು ಕೊಡುವುದಕ್ಕೆ.

ಆ ಸಂಜೆ ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯ ಪಡಸಾಲೆಯಲ್ಲಿ ನಾಲ್ಕು ಜನ ಕೂತರು. ತಾಯಿ ಫಕೀರವ್ವ, ಕಾಕಾ ಲಕ್ಷ್ಮಪ್ಪ, ಸಾತವ್ವ, ಬೀರಣ್ಣ. ಅವನು ಎರಡು ಕವಾಟಗಳ ಸಂಗತಿ ಹೇಳಿದ.

"ಹಂದೀದಾ?" ಎಂದಳು ಫಕೀರವ್ವ. "ಹಂದೀ ಎದಿ ಇಟ್ಕೊಂಡು ದೇವರ ಗದ್ದಿಗಿ ಮ್ಯಾಲ ಕುಂದರತೀಯೇನೋ?"

"ಯಾರಿಗೆ ಗೊತ್ತಾಕ್ಕೈತಿ ಅವ್ವ, ಅದು ಒಳಗಿರತೈತಿ."

"ದೇವರು ಹೊರಗಷ್ಟ ನೋಡತಾನಂತ ನಿನಗ ಯಾರ್ ಹೇಳ್ಯಾರ?"

ಲಕ್ಷ್ಮಪ್ಪ ತಂಬಾಕು ತಿಕ್ಕುತ್ತಾ ನಕ್ಕ. ಅವನ ಬೋಳು ನೆತ್ತಿಯ ಮೇಲೆ ಹನ್ನೊಂದು ವರ್ಷದ ಏರುತಗ್ಗುಗಳಿದ್ದವು. "ಕಬ್ಬಿಣ ಆದ್ರ ನಡೀತೈತಿ. ನಮ್ಮ ದೇವರ ಮುಂದ ಇಟ್ಟಿದ್ದೂ ಕಬ್ಬಿಣದ ಅಲಗಽ ಅಲ್ಲೇನು? ಏನ್ ತಮ್ಮಾ, ಅದರಾಗ ಏನರ ತೊಡಕ ಐತೇನು?"

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಬೀರಣ್ಣ ಕಾಕಾನ ನೆತ್ತಿಯನ್ನು ನೋಡಿದ. ಹೇಳಿದರೆ ಗದ್ದುಗೆ ಇವತ್ತೇ ಹೋಯಿತು. ಹೇಳದಿದ್ದರೆ, ಮೊದಲು ಮೇಜಿನಿಂದ ಇಳಿಯಬೇಕು. ಇಳಿಯದಿದ್ದರೆ ಮುಚ್ಚಿಟ್ಟದ್ದೂ ಜೊತೆಗೇ ಸುಟ್ಟುಹೋಗುತ್ತದೆ. ಇಳಿದರೆ ಆಮೇಲೆ ನೋಡಿಕೊಂಡರಾಯಿತು.

"ದಿನಾ ಒಂದ ಗುಳಿಗಿ ನುಂಗಬೇಕು."

"ಅಷ್ಟಽನಾ?"

"ಅಷ್ಟಽ."

ಸಾತವ್ವ ತಲೆ ಎತ್ತಿದಳು. "ಡಾಕ್ಟರ್ ಭಾಳೊತ್ತು ಮಾತಾಡಿದ್ರಲ್ಲರೀ. ತಲಿ ತಟ್ಟಿ ತಟ್ಟಿ ಏನೋ ತೋರ್ಸಾಕತ್ತಿದ್ರು."

"ಗುಳಿಗಿಗೆ ತಲಿನೋವು ಬರತೈತಿ ಅಂದ್ರು."

ಕಬ್ಬಿಣವೆಂದು ತೀರ್ಮಾನವಾಯಿತು. ಕವಾಟ ಕಬ್ಬಿಣದ್ದೇನೂ ಆಗಿರಲಿಲ್ಲ, ಯಾವುದೋ ಬೇರೆ ಲೋಹ. ಅದನ್ನೂ ಅವನು ತಿದ್ದಲಿಲ್ಲ.

ಆಪರೇಷನ್ ಮುಗಿದು ಎಚ್ಚರವಾದಾಗ ಗಂಟಲಲ್ಲಿ ನಳಿಕೆ ಇತ್ತು, ಕೈಗಳನ್ನು ಮಂಚದ ಸರಳಿಗೆ ಕಟ್ಟಿದ್ದರು. ಪಕ್ಕೆಲುಬಿನ ಕೆಳಗಿನಿಂದ ಎರಡು ಕೊಳವೆ ಇಳಿದು ಬಾಟಲಿಗಳಲ್ಲಿ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಯಾರೋ ಕಿವಿಯ ಹತ್ತಿರ ಕೂತು ಟಿಕೆಟಿಗೆ ತೂತು ಹಾಕುತ್ತಿದ್ದಾರೆ ಎನಿಸಿತು. ಟಕ್, ಟಕ್, ಟಕ್. ಇಷ್ಟೊಂದು ಟಿಕೆಟು ಯಾರಿಗೆ, ಎಂದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಸದ್ದು ತನ್ನೊಳಗಿಂದಲೇ ಬರುತ್ತಿದೆ ಎಂದು ತಿಳಿಯಿತು.

ಮೂರನೇ ದಿನದಿಂದ ಕೆಮ್ಮಿಸತೊಡಗಿದರು. ಸೀಳಿದ ಎದೆಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿದಿದ್ದರು. ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಪ್ರತಿ ಕೆಮ್ಮಿಗೂ ತಂತಿ ಮೂಳೆಯನ್ನು ಕೊಯ್ಯುವಂತಾಗುತ್ತಿತ್ತು. ಕೆಮ್ಮದಿದ್ದರೆ ನರ್ಸಮ್ಮ ಬೆನ್ನಿಗೆ ಹೊಡೆದು ಕೆಮ್ಮಿಸುತ್ತಿದ್ದಳು. ಪಕ್ಕದ ಮಂಚದಲ್ಲಿ ಸಾತಾರೆಯ ಕಡೆಯ ಒಬ್ಬ ಮಾಸ್ತರನಿದ್ದ, ಶೀಶೆಯ ಕವಾಟ ಹಾಕಿಸಿಕೊಂಡವನು. "ನಿನ್ನ ಸದ್ದಿಗೆ ನನಗೆ ನಿದ್ದೆಯಿಲ್ಲ ನೋಡು," ಎಂದು ನಗುತ್ತಿದ್ದ. ಅವನಿಗೆ ಜ್ವರ ಬಂತು, ಇಳಿಯಲಿಲ್ಲ. ಎಂಟನೇ ದಿನ ಬೀರಣ್ಣ ಕಕ್ಕಸಿಗೆ ಹೋಗಿ ಬರುವಷ್ಟರಲ್ಲಿ ಆ ಮಂಚಕ್ಕೆ ಹೊಸ ಚಾದರ ಹಾಸಿದ್ದರು. ಹಂದಿಯದು ಬೇಡವೆಂದದ್ದು ಒಳ್ಳೆಯದಾಯಿತು ಎಂದುಕೊಂಡು ಬೀರಣ್ಣ ಮಲಗಿದ. ಕವಾಟಕ್ಕೂ ಜ್ವರಕ್ಕೂ ಸಂಬಂಧವಿರಲಿಲ್ಲವೆಂದು ಅವನಿಗೆ ಹೇಳುವವರು ಇರಲಿಲ್ಲ.

ಮನೆಗೆ ಕಳಿಸುವ ದಿನ ಡಾಕ್ಟರು ಚೀಟಿ ಬರೆದುಕೊಟ್ಟು, ತಮ್ಮ ಬೆರಳಿನಿಂದ ಅವನ ಎದೆಗೆ ತಿವಿದರು. "ಈ ಸದ್ದೇ ನಿನ್ನ ಪಹರೆ. ಇದು ಮೊಂಡಾದರೆ, ಮಂದವಾದರೆ, ಗೋಲಿಯ ಮೇಲೆ ಹೆಪ್ಪು ಕೂತಿದೆ ಅಂತ ಅರ್ಥ. ಆವತ್ತು ಊಟ ಮುಗಿಸಿ ಹೋಗುತ್ತೇನೆ ಅನ್ನಬೇಡ. ಇದ್ದಲ್ಲಿಂದ ಎದ್ದು ಹತ್ತಿರದ ಡಾಕ್ಟರ ಹತ್ತಿರ ಓಡು."

ಇದನ್ನೂ ಮರಾಠಿಯಲ್ಲೇ ಹೇಳಿದರು. ಸಾತವ್ವ ಗಂಡನ ಮುಖ ನೋಡಿದಳು. "ಸಪ್ಪಳಕ್ಕ ಅಂಜಬ್ಯಾಡ ಅಂದ್ರು," ಎಂದ ಬೀರಣ್ಣ.

ಮಿರಜದಲ್ಲಿ ಗಾಡಿ ಬದಲಿಸಿ ಸಣ್ಣ ಹಳಿಯ ಬಂಡಿಯಲ್ಲಿ ಕೂತಾಗ ಫಕೀರವ್ವ ಬಾಯಿ ಬಿಟ್ಟಳು. "ನಿನ್ನ ಒಳಗ ಒಯ್ದಾಗ ಆರ ತಾಸ ಬಾಗಲ ಮುಂದ ಕುಂತಿದ್ನಿ. ಯಾವ ದೇವರೂ ನೆನಪಾಗಲಿಲ್ಲ, ಅವನೊಬ್ಬನಽ ನೆನಪಾದ. ಮಗಾ ಎದ್ದು ಬಂದ್ರ ಈ ಸಲ ಐದಲ್ಲ, ಒಂಬತ್ತ ಕಾಯಿ ಹೊಡಸ್ತೀನಿ ಅಂತ ಬೇಡ್ಕೊಂಡೀನಿ."

"ಯಾರ ತಲಿ ಮ್ಯಾಲ?"

"ಯಾರ ತಲಿ ಮ್ಯಾಲ ಅಂದ್ರ? ಎದ್ದು ಬಂದಾವನ ತಲಿ ಮ್ಯಾಲ."

ಲಕ್ಷ್ಮಪ್ಪ ಕಿಟಕಿಯಿಂದ ಹೊರಗೆ ಉಗುಳಿ, "ಒಂಬತ್ತ ನಾನೂ ಹೊಡಸ್ಕೊಂಡಿಲ್ಲ," ಎಂದ. ಅಣಕವೋ ಮೆಚ್ಚುಗೆಯೋ ತಿಳಿಯಲಿಲ್ಲ.

ಮೂರು ತಿಂಗಳಲ್ಲಿ ಬೀರಣ್ಣ ಬೇರೆ ಮನುಷ್ಯನಾದ. ಮೊದಲು ಅಂಗಳದ ತನಕ, ಆಮೇಲೆ ಮಲಪ್ರಭೆಯ ಸೇತುವೆಯ ತನಕ, ಆಮೇಲೆ ಸೇತುವೆ ದಾಟಿ ಹಂಚಿನ ಕಾರ್ಖಾನೆಯ ತನಕ ನಡೆದ. ತುಟಿಯ ಬಣ್ಣ ತಿರುಗಿತು. ಇಪ್ಪತ್ತು ವರ್ಷ ಹೊಟ್ಟೆಯೊಳಗೆ ಕೂತಿದ್ದ ದಣಿವು ಇಲ್ಲವಾಯಿತು. ಒಂದು ದಿನ ಗುಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತಿ, ಇಳಿದು, ಮತ್ತೆ ಹತ್ತಿದ. ಓಣಿಯ ಹುಡುಗರು ನೋಡಲಿ ಎಂದೇ ಹತ್ತಿದ.

ಜೂನಿನಲ್ಲಿ ಬಸ್ಸಿಗೆ ಮರಳಿದ. ಟಾಪಿನ ಮೇಲೆ ಸಾಮಾನು ಏರಿಸುವ ಕೆಲಸ ಬೇಡ ಎಂದು ಡಿಪೋದವರು ಬಿಟ್ಟಿದ್ದರು. ಡ್ರೈವರ್ ಈರಯ್ಯ ಹಳೆಯ ಜೊತೆಗಾರ, ವಯಸ್ಸಿನಲ್ಲಿ ಹಿರಿಯ, ಬಾಯಿಗೆ ಬೀಗವಿಲ್ಲದವನು. ಬೆಳಗಾವಿಯಿಂದ ಹೊರಟ ಬಸ್ಸು ಟಿಳಕವಾಡಿಯ ಮೂರನೇ ರೈಲ್ವೆ ಗೇಟಿನಲ್ಲಿ ದಿನವೂ ಒಮ್ಮೆಯಾದರೂ ನಿಲ್ಲುತ್ತಿತ್ತು. ಗೇಟು ಬಿದ್ದರೆ ಈರಯ್ಯ ಎಂಜಿನ್ ಆರಿಸುತ್ತಿದ್ದ. ಆಗ ಬಸ್ಸಿನೊಳಗೆ ಕವಾಟದ ಸದ್ದು ಕೇಳುತ್ತಿತ್ತು. ಮೊದಲ ದಿನ ಜನ ಸೀಟಿನ ಕೆಳಗೆ ಬಗ್ಗಿ ಹುಡುಕಿದರು.

"ಏನ್ ಹುಡಕಾಕತ್ತೀರಿ? ಅದು ನಮ್ಮ ಬೀರ್ಯಾನ ಎದ್ಯಾಗಿನ ಗಡಿಯಾರ," ಎಂದ ಈರಯ್ಯ. "ಮುಂಬೈ ಮಾಲ ಐತಿ. ಯಾರ್ ಕೈಯಾಗರ ವಾಚ್ ಇದ್ರ ಟೈಮ್ ಕೂಡಿಸ್ಕೊಳ್ರಿ."

ಮಚ್ಛೆಯಿಂದ ದಿನಾ ಬೆಳಗಾವಿಗೆ ಕಾಯಿಪಲ್ಯ ಹೊತ್ತು ಹೋಗುವ ನಿಂಗವ್ವ ಖಾಲಿ ಬುಟ್ಟಿಯ ಮೇಲೆ ಕೈಯಿಟ್ಟು, "ನಿನ್ನ ಎದಿ ಸಪ್ಪಳಕ್ಕ ನನಗ ತೂಕಡಿಕಿ ಬರತೈತಿ ನೋಡೋ ಕಂಡಕ್ಟರಾ. ತೊಟ್ಟಲ ತೂಗಿದ್ಹಂಗ ಆಕ್ಕೈತಿ," ಎನ್ನುತ್ತಿದ್ದಳು. ಬೀರಣ್ಣ ಟಿಕೆಟಿಗೆ ತೂತು ಹಾಕುವ ಪಂಚನ್ನು ಕಂಬಿಗೆ ಕುಟ್ಟಿ, "ನಿದ್ದಿ ಮಾಡಿದ್ರ ಖಾನಾಪುರಕ್ಕ ಒಯ್ದು ಇಳಸ್ತೀನಿ, ಯವ್ವಾ," ಎನ್ನುತ್ತಿದ್ದ. ದಮ್ಮಿನ ಬೀರ್ಯಾ ಎನ್ನುವವರು ಈಗ ಯಾರೂ ಇರಲಿಲ್ಲ.

ತಿಂಗಳಿಗೊಮ್ಮೆ ಖಡೇಬಜಾರಿನ ಲ್ಯಾಬಿನಲ್ಲಿ ರಕ್ತ ಕೊಡಬೇಕಿತ್ತು. ಲ್ಯಾಬಿನ ಸತ್ಯಪ್ಪ ರಕ್ತ ಎಷ್ಟು ಸೆಕೆಂಡಿಗೆ ಹೆಪ್ಪುಗಟ್ಟುತ್ತದೆಂದು ನೋಡಿ ಚೀಟಿ ಬರೆಯುತ್ತಿದ್ದ. ಅದನ್ನು ಕಾಲೇಜು ರಸ್ತೆಯ ಹೃದಯದ ಡಾಕ್ಟರಿಗೆ ತೋರಿಸಬೇಕು. ಇಪ್ಪತ್ತೆಂಟು ಸೆಕೆಂಡು, ಇಪ್ಪತ್ತೇಳು, ಇಪ್ಪತ್ತೆಂಟು. ಎಲ್ಲಾ ಸರಿಯಿತ್ತು. ಆಗಸ್ಟಿನಲ್ಲಿ ಅಂಗಡಿಯಲ್ಲಿ ಆ ಗುಳಿಗೆ ಸಿಗದೆ ನಾಲ್ಕು ದಿನ ತಪ್ಪಿತು.

"ಏನ್ರೀ, ಗುಳಿಗಿ ಬಿಟ್ಟೀರೇನು?" ಎಂದ ಸತ್ಯಪ್ಪ. "ಹದಿನೈದ ಸೆಕೆಂಡಿಗೆ ಗಟ್ಟಿ ಆತು. ನಂದೂ ಇಷ್ಟಽ ಬರತೈತಿ ನೋಡ್ರಿ. ಈಗಿಂದೀಗ ಡಾಕ್ಟರ್ ಕಡೆ ಹೋಗ್ರಿ."

ಡಾಕ್ಟರು ಬೈದರು. ಬೇರೆ ಅಂಗಡಿಯಿಂದ ಗುಳಿಗೆ ತರಿಸಿಕೊಟ್ಟರು. ಏನೂ ಆಗಲಿಲ್ಲ. ಕವಾಟ ಮೊದಲಿನಂತೆಯೇ ಟಕ್ ಟಕ್ ಎನ್ನುತ್ತಿತ್ತು. ಡಾಕ್ಟರ ಬೈಗುಳ ಒಂದು ವಾರದಲ್ಲಿ ಬೀರಣ್ಣನಿಗೆ ಮರೆತುಹೋಯಿತು. ಮರೆಯದೆ ಉಳಿದದ್ದು ಸತ್ಯಪ್ಪನ ಮಾತು: ನಂದೂ ಇಷ್ಟಽ ಬರತೈತಿ. ಅಂದರೆ ನಾಲ್ಕು ದಿನ ಗುಳಿಗೆ ಬಿಟ್ಟರೆ ತನ್ನ ರಕ್ತ ಎಲ್ಲರ ರಕ್ತದಂತೆ. ಎಲ್ಲರ ತಲೆಯಂತೆ ತಲೆ.

ಛಟ್ಟಿ ಅಮಾವಾಸ್ಯೆಗೆ ಹದಿನೈದು ದಿನವಿದ್ದಾಗ ಲಕ್ಷ್ಮಪ್ಪ ಮನೆಗೆ ಬಂದ. ಚಹಾ ಕುಡಿದು ಕಪ್ಪು ಕೆಳಗಿಟ್ಟ.

"ನೋಡ ತಮ್ಮಾ, ಮನಸಿನಾಗ ಅಂಜಿಕಿ ಇದ್ರ ಈಗಽ ಹೇಳು. ನನ್ನ ಮಗಾ ತಯಾರ ಅದಾನ. ಎದಿ ಸೀಳಿಸ್ಕೊಂಡಾವ, ಅವನಿಗೆ ಆಗೂದಿಲ್ಲ ಅಂತ ಮಂದಿ ತಿಳ್ಕೋತಾರ. ನಿನಗ ಅವಮಾನ ಏನೂ ಇಲ್ಲ."

ಬೀರಣ್ಣನಿಗೆ ಆ ಕೊನೆಯ ಮಾತೇ ಚುಚ್ಚಿತು. ಹನ್ನೊಂದು ವರ್ಷ ಇದೇ ಮಾತು ಕೇಳಿದ್ದ. ಅವನಿಗೆ ಆಗೂದಿಲ್ಲ.

"ಗದ್ದಿಗಿ ಮ್ಯಾಲಿನ ಕಂಬಳಿ ಝಾಡಿಸಿ ಇಡ್ರಿ, ಕಾಕಾ," ಎಂದ. "ನಾ ಕುಂದರತೀನಿ. ಒಂಬತ್ತಕ್ಕ."

ಅವನ ಯೋಜನೆ ಸರಳವಿತ್ತು. ಕಾಯಿ ಹೊಡೆಯುವ ದಿನಕ್ಕೆ ಐದು ದಿನ ಮೊದಲು ಗುಳಿಗೆ ಬಿಡುವುದು. ಕಾಯಿ ಮುಗಿದ ಮೇಲೂ, ಒಳಗೆಲ್ಲಾದರೂ ಒಸರುತ್ತಿದ್ದರೆ ಒಣಗಲಿ ಎಂದು, ನಾಲ್ಕು ದಿನ ಬಿಡುವುದು. ಹತ್ತು ದಿನ. ನಾಲ್ಕಕ್ಕೆ ಏನೂ ಆಗದ್ದು ಹತ್ತಕ್ಕೇಕೆ ಆಗುತ್ತದೆ? ಬಿಟ್ಟ ಗುಳಿಗೆ ಮತ್ತೆ ಹಿಡಿದರೂ ರಕ್ತ ತೆಳುವಾಗಲು ಇನ್ನೂ ಐದಾರು ದಿನ ಬೇಕೆಂಬುದು ಅವನ ಯೋಜನೆಯಲ್ಲಿ ಇರಲಿಲ್ಲ. ಅದನ್ನು ಹೇಳಬಲ್ಲವರು ಕಾಲೇಜು ರಸ್ತೆಯ ಡಾಕ್ಟರೊಬ್ಬರೇ, ಅವರನ್ನು ಅವನು ಕೇಳುವಂತಿರಲಿಲ್ಲ.

ಗುಳಿಗೆಗಳನ್ನು ಸಾತವ್ವ ಸೋಮವಾರಕ್ಕೊಮ್ಮೆ ಏಳರಂತೆ ಎಣಿಸಿ ಹಳೆಯ ಕುಂಕುಮದ ಡಬ್ಬಿಗೆ ಹಾಕಿಡುತ್ತಿದ್ದಳು. ಅವನು ಗುಳಿಗೆ ಬಿಟ್ಟ ಮೂರನೇ ದಿನ ಡಬ್ಬಿ ಹಿಡಿದುಕೊಂಡು ಬಂದಳು.

"ಇದರಾಗ ಮೊನ್ನೀದೂ ಐತಿ, ನಿನ್ನೀದೂ ಐತಿ. ಯಾಕರೀ?"

"ದೇವರ ಕಾರ್ಯ ಮುಗಿಯೂತನಕ ಬಿಡು ಅಂದಾರ ಡಾಕ್ಟರು."

"ಕಾಯಿ ವಿಷಯ ಹೇಳೀರೇನು ಅವರಿಗೆ?"

"ಹೇಳೀನಿ."

"ಏನಂದ್ರು?"

"ಏನಂತಾರ? ನಕ್ಕು, ಮಾಡಪಾ ಅಂದ್ರು."

ಸಾತವ್ವ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಯಾವ ಮಾತಿನಾಗ ಅಂದ್ರು? ಕನ್ನಡದಾಗೋ, ಮರಾಠಿಯಾಗೋ?"

ಬೀರಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ನಿಲ್ಲಿಸಿದ. "ಕಾಲೇಜ್ ರೋಡಿನ ಡಾಕ್ಟರ್ ಕನ್ನಡದವರಽ ಅಲ್ಲೇನು?"

"ಹಂಗಾರ ಮುಂದಿನ ಸಲ ನಾನೂ ಬರತೀನಿ," ಎಂದಳು ಅವಳು. "ನನಗ ತಿಳಿಯೂ ಮಾತಿನ್ಯಾಗ ಒಮ್ಮೆ ಕೇಳ್ತೀನಿ."

ಕಾಯಿ ಹೊಡೆಯುವ ದಿನ ಬಿಸಿಲು ಚುರುಕಾಗಿತ್ತು. ಡೊಳ್ಳಿನವರು ಗುಡಿಯ ಮುಂದೆ ಅರ್ಧ ಚಂದ್ರಾಕಾರವಾಗಿ ನಿಂತಿದ್ದರು. ಬೋಳಿಸಿದ ತಲೆಗೆ ದೇವರ ಭಂಡಾರದ ಅರಿಸಿನ ಹಚ್ಚಿಕೊಂಡು ಬೀರಣ್ಣ ಕಂಬಳಿಯ ಮೇಲೆ ಕೂತ. ಎದೆಯ ನಡುವಿನ ಉದ್ದ ಗಾಯದ ಕಲೆಯನ್ನು ಜನ ಕತ್ತು ಚಾಚಿ ನೋಡಿದರು. ಡೊಳ್ಳು ನಿಂತಾಗ ಕವಾಟದ ಸದ್ದು ಮೊದಲ ಸಾಲಿನವರಿಗೆ ಕೇಳಿಸಿತು. ಒಬ್ಬ ಮುದುಕ ಕೈ ಮುಗಿದ.

ಮೊದಲ ಕಾಯಿಗೆ ಕಣ್ಣೊಳಗೆ ಬಿಳುಪು ಸಿಡಿಯಿತು. ಎರಡನೆಯದಕ್ಕೆ ಹಲ್ಲುಗಳು ಒಂದಕ್ಕೊಂದು ಬಡಿದವು. ನಾಲ್ಕನೆಯದು ಒಡೆಯಲಿಲ್ಲ, ಪೂಜಾರಿ ಅದನ್ನೇ ಎತ್ತಿ ಮತ್ತೊಮ್ಮೆ ಹೊಡೆದ. ಆಮೇಲೆ ಲೆಕ್ಕ ತಪ್ಪಿತು. ಕಾಯಿಯ ನೀರು ಕುತ್ತಿಗೆಯಿಂದಿಳಿದು ಗಾಯದ ಕಲೆಯ ಮೇಲೆ ಹರಿಯಿತು. ಡೊಳ್ಳು ಜೋರಾದಾಗ ಒಂಬತ್ತು ಮುಗಿದವೆಂದು ಗೊತ್ತಾಯಿತು. ನೆತ್ತಿಯನ್ನು ಮುಟ್ಟಿ ಬೆರಳು ನೋಡಿಕೊಂಡ. ರಕ್ತವಿತ್ತು. ಜನ ಜೈಕಾರ ಹಾಕುತ್ತಿದ್ದರೆ ಅವನು ಆ ಬೆರಳನ್ನೇ ನೋಡುತ್ತಾ ಕೂತ. ರಕ್ತ ದಪ್ಪಗಾಯಿತು, ಕಪ್ಪಾಯಿತು, ಅಂಟು ಅಂಟಾಗಿ ಒಣಗಿತು. ಅವನಿಗೆ ನಗು ಬಂತು. ಗೆದ್ದೆ ಎಂದುಕೊಂಡ.

ಲಕ್ಷ್ಮಪ್ಪ ಬಂದು ಎಲ್ಲರೆದುರು ಅವನ ಕಾಲು ಮುಟ್ಟಿದ. ಫಕೀರವ್ವ ಒಡೆದ ಹೋಳುಗಳನ್ನು ಉಡಿಯಲ್ಲಿ ಆರಿಸಿಕೊಳ್ಳುತ್ತಾ ಅಳುತ್ತಿದ್ದಳು. ಸಾತವ್ವ ಗುಡಿಯ ಕಟ್ಟೆಯ ತುದಿಯಲ್ಲಿ ನಿಂತಿದ್ದಳು. ಹತ್ತಿರ ಬರಲಿಲ್ಲ.

ಎರಡು ದಿನ ತಲೆ ಭಾರವಿತ್ತು, ಮೂರನೇ ದಿನ ಹಗುರಾಯಿತು. ಐದನೇ ದಿನ ಗುಳಿಗೆ ಮತ್ತೆ ಹಿಡಿದ. ಡ್ಯೂಟಿಗೆ ಹೋದಾಗ ಈರಯ್ಯ ಟೋಪಿ ಎತ್ತಿಸಿ ತಲೆ ನೋಡಿದ. "ಲೇ ಬೀರ್ಯಾ, ಚಟ್ನಿಗೆ ಕಾಯಿ ಒಡಿಯೂದಿದ್ರ ನಮ್ಮ ಮನಿಗೂ ಬಾರೋ. ನಮ್ಮಾಕಿ ಕೈ ನೋವ ಅಂತಾಳ."

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಬೀರಣ್ಣ ದಿಂಬಿನ ಮೇಲೆ ಇನ್ನೊಂದು ದಿಂಬು ಹಾಕಿಕೊಳ್ಳತೊಡಗಿದ. ಅಂಗಾತ ಮಲಗಿದರೆ ಉಸಿರು ಸಾಲುತ್ತಿರಲಿಲ್ಲ. ಗುಡಿಯ ಕಡೆ ಹೋಗುವುದನ್ನು ಬಿಟ್ಟ; ಹೋದರೆ ಮೆಟ್ಟಿಲು ಹತ್ತಬೇಕಲ್ಲ. ರಕ್ತ ಕೊಡುವ ದಿನ ಬಂತು, ಹೋಯಿತು. ಹೋಗೋಣ ಎಂದು ಸಾತವ್ವ ಎರಡು ಸಲ ಸೀರೆ ಉಟ್ಟುಕೊಂಡು ನಿಂತಳು. ಡ್ಯೂಟಿ ಇದೆ ಎಂದ. ಅವಳ ಮುಂದೆ ಡಾಕ್ಟರು ಕೇಳುವ ಮೊದಲ ಪ್ರಶ್ನೆ ಯಾವುದೆಂದು ಅವನಿಗೆ ಗೊತ್ತಿತ್ತು. ಅದನ್ನು ಕನ್ನಡದಲ್ಲೇ ಕೇಳುತ್ತಾರೆ ಎಂಬುದೂ ಗೊತ್ತಿತ್ತು.

ಆ ಬೆಳಿಗ್ಗೆ ಖಾಕಿ ಅಂಗಿ ಕೊಡುತ್ತಾ ಸಾತವ್ವ ತಡೆದು ನಿಂತಳು. "ಸಪ್ಪಳ ಮೆತ್ತಗ ಬರಾಕತ್ತೈತಲ್ಲರೀ."

"ಥಂಡಿ ಐತಿ. ಒಳಗ ಸ್ವೆಟರ್ ಹಾಕ್ಕೊಂಡೀನಿ."

"ಸ್ವೆಟರ್ ನಿನ್ನೀನೂ ಇತ್ತು."

"ಹೊತ್ತಾತು," ಎಂದು ಅವನು ಹೊರಬಿದ್ದ. ಬಾಗಿಲಿಂದ ರಸ್ತೆಯ ತನಕ ಹೋಗುವಷ್ಟರಲ್ಲಿ ಎರಡು ಕಡೆ ನಿಂತ. ಎರಡೂ ಕಡೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಂತೆ ಬಗ್ಗಿದ.

ಮಧ್ಯಾಹ್ನದ ಟ್ರಿಪ್ಪಿಗೆ ಬಸ್ಸು ಬೆಳಗಾವಿ ಬಿಟ್ಟಿತು. ಕಾಲೇಜು ರಸ್ತೆಯಲ್ಲಿ ಡಾಕ್ಟರ ಹಸಿರು ಬೋರ್ಡು ಕಿಟಕಿಯಲ್ಲಿ ಬಂದು ಹೋಯಿತು. ಬೀರಣ್ಣ ಅದನ್ನು ನೋಡಿದ. ಇದ್ದಲ್ಲಿಂದ ಎದ್ದು ಓಡು ಎಂದ ಮುಂಬೈಯವರ ಮಾತು ಸ್ಪಷ್ಟವಾಗಿ ನೆನಪಿತ್ತು. ಗಂಟೆಯ ಹಗ್ಗ ಜಗ್ಗಿದರೆ ಬಸ್ಸು ನಿಲ್ಲುತ್ತಿತ್ತು. ಇಷ್ಟು ಜನರ ನಡುವೆ, ಗದ್ದುಗೆಯ ಮೇಲೆ ಕೂತು ಬಂದವನು, ಏನೆಂದು ಇಳಿಯುವುದು? ಈ ಟ್ರಿಪ್ ಮುಗಿಯಲಿ. ನಾಳೆ ರಜಾ ಹಾಕಿ ಒಬ್ಬನೇ ಬಂದರಾಯಿತು. ಹಿಂದಿನ ಸೀಟಿನಿಂದ ಮುಂದಿನ ಸೀಟಿನ ತನಕ ಟಿಕೆಟು ಕೊಡುವಷ್ಟರಲ್ಲಿ ಹಣೆಯ ಮೇಲೆ ಬೆವರು ಮೂಡಿತು. ಕಂಬಿ ಹಿಡಿದು ನಿಂತ.

ಮೂರನೇ ಗೇಟು ಬಿದ್ದಿತ್ತು. ಈರಯ್ಯ ಎಂಜಿನ್ ಆರಿಸಿದ.

ಯಾರೋ ಕೆಮ್ಮಿದರು. ಖಾಲಿ ಬುಟ್ಟಿಯ ಮೇಲೆ ಕೈಯಿಟ್ಟು ಕೂತಿದ್ದ ನಿಂಗವ್ವ ಕಣ್ಣು ಮುಚ್ಚಿದವಳು ಸ್ವಲ್ಪ ಹೊತ್ತಿಗೆ ತೆರೆದಳು.

"ಕಂಡಕ್ಟರಾ, ಇವತ್ತ ನಿನ್ನ ಸಪ್ಪಳಽ ಕೇಳವಲ್ತಲ್ಲೋ?"

ಮುಂದಿನಿಂದ ಈರಯ್ಯ ಕೂಗಿದ. "ಲೇ, ಗಡಿಯಾರಕ್ಕ ಕೀಲಿ ಕೊಟ್ಟಿಲ್ಲೇನೋ?"

ಜನ ನಕ್ಕರು, ಆಮೇಲೆ ಕಿವಿಗೊಟ್ಟರು. ಬೀರಣ್ಣನೂ ಕಿವಿಗೊಟ್ಟ. ಒಳಗೆ, ಬಹಳ ಒಳಗೆ, ಒದ್ದೆ ಮಣ್ಣಿನ ಮೇಲೆ ಬರಿಗಾಲಿನಲ್ಲಿ ಯಾರೋ ನಡೆಯುತ್ತಿರುವಂಥ ಸದ್ದು. ಗೋಲಿ ಕಡ್ಡಿಗೆ ತಾಕುತ್ತಿರಲಿಲ್ಲ.

ಅವನ ಬಲಗೈ ಪಂಚನ್ನು ಹಿಡಿದುಕೊಂಡೇ ಖಾಕಿ ಅಂಗಿಯ ಕೆಳಗೆ ಸೇರಿತು. ಬೆರಳುಗಳು ಅದನ್ನು ಅಮುಕಿದವು. ಟಕ್. ಟಕ್. ಟಕ್.

"ಹಾಂ, ಬಂತ ನೋಡು," ಎಂದಳು ನಿಂಗವ್ವ, ಮತ್ತೆ ಕಣ್ಣು ಮುಚ್ಚಿದಳು. "ಥಂಡಿಗೆ ಕಚ್ಚಿತ್ತು ಅನಸ್ತೈತಿ."

ರೈಲು ಬರಲು ತಡವಾಯಿತು. ಅವನು ಅಮುಕುತ್ತಲೇ ಇದ್ದ. ಎದೆಯ ಬಡಿತಕ್ಕೆ ಸರಿಯಾಗಿ ಅಮುಕಬೇಕೆಂದು ನೋಡಿದ, ಆಗಲಿಲ್ಲ. ಬಡಿತ ಕೈಗಿಂತ ಮುಂದೆ ಓಡುತ್ತಿತ್ತು, ನಡುವೆ ಒಂದೆರಡು ನುಂಗಿಕೊಂಡು ಮತ್ತೆ ಓಡುತ್ತಿತ್ತು. ಅಂಗೈ ಬೆವರಿ ಪಂಚ್ ಜಾರಿತು. ಬಿಗಿಯಾಗಿ ಹಿಡಿದುಕೊಂಡ.

ಗೂಡ್ಸ್ ಗಾಡಿ ಹಾದುಹೋಯಿತು. ಗೇಟು ಮೇಲೆದ್ದಿತು. ಈರಯ್ಯ ಕನ್ನಡಿಯಲ್ಲಿ ಹಿಂದೆ ನೋಡುತ್ತಾ ಕಾದ. ಬೀರಣ್ಣನ ತುಟಿ ಅಲುಗಿತು, ಮೊದಲ ಸಲ ದನಿ ಹೊರಡಲಿಲ್ಲ.

"ರೈಟ್," ಎಂದ ಎರಡನೇ ಸಲಕ್ಕೆ. ಬಸ್ಸು ಹಳಿ ದಾಟಿ ಖಾನಾಪುರದ ಕಡೆ ಹೊರಟಿತು.